ಖಾನಾವಳಿಯ ಊಟ ಮತ್ತು ಅದರ ಚಿತ್ರ

ಹುಬ್ಬಳ್ಳಿ-ಧಾರವಾಡದ ಖಾನಾವಳಿಗಳು ತಮ್ಮ ಊಟದ ಪ್ರಚಾರಕ್ಕಾಗಿ ಒಂದೆರಡು ನಿಮಿಷಗಳ ಚಿತ್ರಗಳನ್ನು, ಎಂದರೆ ಈಗ ಎಲ್ಲರ ಬಾಯಲ್ಲಿರುವ ಮಾತಿನಂತೆ ವಿಡಿಯೋಗಳನ್ನು, ಮಾಡಿಸುವುದು ಇತ್ತೀಚೆಗೆ ರೂಢಿಗೆ ಬಂದಿದೆ. ಇಂಥ ಅಲ್ಪ ವಸ್ತುವಿನಲ್ಲಿ ವಿಚಾರಕ್ಕೆ ಎಡೆಯೆಲ್ಲಿ ಎಂದು ಕೇಳುವವರು ಇರಬಹುದು. ನಾಲಗೆಯಿಂದ ತಿಳಿಯಬೇಕಾದುದನ್ನು ಕಣ್ಣಿಗೆ ತಿಳಿಸುವುದು ಹೇಗೆ, ಹಾಗೆ ತಿಳಿಸುವಾಗ ಸತ್ಯವು ಕೈಜಾರುವುದು ಎಲ್ಲಿ ಎಂಬ ಎರಡು ಪ್ರಶ್ನೆಗಳು ಇದರಲ್ಲಿ ಅಡಗಿವೆ. ಅವನ್ನೇ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಖಾನಾವಳಿಗೆ ಮೊದಲು ಪ್ರಚಾರದ ಅಗತ್ಯವೇ ಅಷ್ಟಾಗಿ ಇರಲಿಲ್ಲ. ಮರಾಠಿಯಿಂದ ನಮ್ಮಲ್ಲಿಗೆ ಬಂದ ಈ ಹೆಸರು ತಿಂಗಳ ಲೆಕ್ಕದಲ್ಲಿ ಹಣ ಕೊಟ್ಟು ಉಣ್ಣುವವರ ಮನೆಯನ್ನು ಸೂಚಿಸುತ್ತಿತ್ತು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜೂ 1949ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವೂ ಊರಿಗೆ ತಂದ ವಿದ್ಯಾರ್ಥಿಗಳು, ಹುಬ್ಬಳ್ಳಿಯ ರೈಲ್ವೆ ಮತ್ತು ವ್ಯಾಪಾರದ ನೌಕರರು, ಇಂಥವರೇ ಅದರ ಗಿರಾಕಿಗಳು. ಉಣ್ಣುವವನು ಬಡಿಸುವವನನ್ನು ಬಲ್ಲ; ಪಲ್ಯ ಕೆಟ್ಟರೆ ಮುಖದೆದುರೇ ಹೇಳಬಲ್ಲ. ಬಾಗಿಲ ಮೇಲಿನ ಒಂದು ಹಲಗೆಯೇ ಸಾಕಾದ ಜಾಹೀರಾತಾಗಿತ್ತು. ವಿವಿಧ ಭಾರತಿಯಲ್ಲಿ 1967ರಿಂದ, ದೂರದರ್ಶನದಲ್ಲಿ 1976ರಿಂದ ಜಾಹೀರಾತುಗಳು ಬಂದರೂ ಅವು ದೊಡ್ಡ ಕಂಪನಿಗಳ ಸಾಧನಗಳಾಗಿಯೇ ಉಳಿದವು. ಈಗ ಪರಿಸ್ಥಿತಿ ಬೇರೆ. ಹುಬ್ಬಳ್ಳಿ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಇಳಿದ ಪರಸ್ಥಳದವನು ಊಟ ಎಲ್ಲಿ ಚೆನ್ನಾಗಿದೆಯೆಂದು ಮನುಷ್ಯರನ್ನು ಕೇಳುವ ಮೊದಲು ಮೊಬೈಲನ್ನು ಕೇಳುತ್ತಾನೆ. ಪರಿಚಯವು ಮಾಡುತ್ತಿದ್ದ ಕೆಲಸವನ್ನು ಚಿತ್ರವು ಮಾಡಬೇಕಾಗಿ ಬಂದಿದೆ. ಆದುದರಿಂದಲೇ ಅದರ ಹೊಣೆ ಹೆಚ್ಚಿನದು.

ಉಣ್ಣುವ ದೃಶ್ಯವು ಚಲಚ್ಚಿತ್ರಕ್ಕೆ ಹೊಸದಲ್ಲ. 1895ರಲ್ಲಿಯೇ ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು ಮಗುವಿಗೆ ಉಣಿಸುವ ಕಿರುಚಿತ್ರವನ್ನು ತೆಗೆದಿದ್ದರು. ಆದರೆ ಅಲ್ಲಿ ವಸ್ತು ಮಗುವೇ ಹೊರತು ಅನ್ನವಲ್ಲ. ಅನ್ನವನ್ನೇ ನಾಯಕನನ್ನಾಗಿ ಮಾಡಿದಾಗ ಚಲನೆಯನ್ನು ಎಲ್ಲಿಂದ ತರಬೇಕು? ತಾಟಿನಲ್ಲಿಟ್ಟ ಊಟ ಅಲುಗುವುದಿಲ್ಲ. ಹೀಗಾಗಿ ಜಾಣ ಛಾಯಾಗ್ರಾಹಕನು ಊಟದ ಪಡಸಾಲೆಯನ್ನು ಬಿಟ್ಟು ಅಡುಗೆಮನೆಯನ್ನು ಹೊಗುತ್ತಾನೆ.

ಅಲ್ಲಿ ಅವನಿಗೆ ದೊರೆಯುವುದು ಜೋಳದ ರೊಟ್ಟಿ. ಚಿತ್ರಕ್ಕೆ ಇದಕ್ಕಿಂತ ಒಪ್ಪುವ ತಿನಿಸು ನಮ್ಮ ಸೀಮೆಯಲ್ಲಿ ಇಲ್ಲವೆಂದು ನಾವು ಹೇಳಬಲ್ಲೆವು. ಗೋದಿಯಲ್ಲಿರುವ ಅಂಟುಗುಣ ಜೋಳದ ಹಿಟ್ಟಿನಲ್ಲಿ ಇಲ್ಲ. ಲಟ್ಟಣಿಗೆಯಲ್ಲಿ ಎಳೆದರೆ ಅಂಚು ಸೀಳುವುದು ಸಹಜ. ಕುದಿಯುವ ನೀರನ್ನು ಹಾಕಿ ನಾದಿದಾಗ ಹಿಟ್ಟಿನ ಪಿಷ್ಟವು ಬೆಂದು ಒಂದಿಷ್ಟು ಜಿಗುಟು ಬರುತ್ತದೆ. ಆ ಜಿಗುಟು ಆರುವ ಮುನ್ನ ರೊಟ್ಟಿಯನ್ನು ಬಡಿದು ಮುಗಿಸಬೇಕು. ಬಡಿಯುವ ಕೈಯ ಕೆಳಗೆ ರೊಟ್ಟಿ ತಾನೇ ಸುತ್ತುತ್ತ ದೊಡ್ಡದಾಗುವುದು, ಹಂಚಿನ ಮೇಲೆ ಬಿದ್ದೊಡನೆ ಒದ್ದೆಯ ಅರಿವೆ ಅದರ ಮೇಲೆ ಹಾಯುವುದು, ಮಗುಚಿದ ಮೇಲೆ ಒಳಗಿನ ಹಬೆ ಎರಡು ಪದರಗಳ ನಡುವೆ ಸಿಕ್ಕಿ ಇಡೀ ರೊಟ್ಟಿ ಉಬ್ಬುವುದು, ಇವೆಲ್ಲ ಒಂದಾದ ಮೇಲೊಂದು ನಡೆಯುವ ಚಲನೆಗಳು. ಉಬ್ಬುವ ಕ್ಷಣವಂತೂ ಕೆಲವೇ ಸೆಕೆಂಡುಗಳದು. ಅದನ್ನು ಮತ್ತೊಮ್ಮೆ ಮಾಡೆಂದು ಅದೇ ರೊಟ್ಟಿಗೆ ಹೇಳಲು ಬಾರದು. ಕ್ಯಾಮೆರಾವನ್ನು ಮೊದಲೇ ಅಣಿಗೊಳಿಸಿ ಹತ್ತು ರೊಟ್ಟಿಗಳವರೆಗೆ ಸುಮ್ಮನೆ ಕಾದರೆ ಒಂದಾದರೂ ಮನಬಂದಂತೆ ಉಬ್ಬೀತು.

ಬೆಳಕಿನ ತೊಡಕನ್ನೂ ಇಲ್ಲಿಯೇ ಹೇಳಬೇಕು. ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಹಳೆಯ ಮಾದರಿಯ ಟ್ಯೂಬ್‌ಲೈಟು ಉರಿಯುತ್ತಿರುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದಾದ್ದರಿಂದ ಈ ದೀಪವು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣದ ಈ ಮಿಣುಕು ಕ್ಯಾಮೆರಾಕ್ಕೆ ಕಾಣುತ್ತದೆ; ಸೆಕೆಂಡಿಗೆ 30 ಚೌಕಟ್ಟುಗಳಂತೆ, ಪ್ರತಿಯೊಂದಕ್ಕೂ ಸೆಕೆಂಡಿನ 60ನೆಯ ಒಂದಂಶ ಬೆಳಕು ತಾಕುವಂತೆ ತೆಗೆದ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಹರಿದಾಡಬಹುದು. 25 ಚೌಕಟ್ಟುಗಳನ್ನೂ 50ನೆಯ ಅಥವಾ 100ನೆಯ ಒಂದಂಶವನ್ನೂ ಆರಿಸಿಕೊಂಡರೆ ಈ ದೋಷ ಬಹುಮಟ್ಟಿಗೆ ತಪ್ಪುತ್ತದೆ. ಉಬ್ಬುವ ರೊಟ್ಟಿಯನ್ನು ನಿಧಾನಗತಿಯಲ್ಲಿ ತೋರಿಸಬೇಕೆಂಬ ಆಸೆಗೆ ಮಾತ್ರ ಈ ಉಪಾಯ ಸಾಲದು. ದೀಪವನ್ನು ಆರಿಸಿ ಕಿಟಕಿಯ ಬೆಳಕನ್ನೇ ನೆಚ್ಚುವುದು ಲೇಸು. ಹಬೆಯೂ ಮುಂದಿನ ಬೆಳಕಿನಲ್ಲಿ ಕಾಣುವುದಿಲ್ಲ. ಬೆಳಕು ಹಿಂದಿನಿಂದ ಬಿದ್ದು, ಅದರಾಚೆ ಕಪ್ಪಾದ ಗೋಡೆಯಿದ್ದರೆ ಮಾತ್ರ ಎದ್ದು ತೋರುತ್ತದೆ. ಹೊಗೆ ಹಿಡಿದ ಗೋಡೆಯನ್ನು ಚಿತ್ರೀಕರಣಕ್ಕೆಂದು ಸುಣ್ಣ ಬಳಿದು ಬೆಳ್ಳಗೆ ಮಾಡುವವರು ಇದನ್ನು ಗಮನಿಸಬೇಕು.

ಇನ್ನು ಬಣ್ಣ. ಬಣ್ಣವು ರುಚಿಯ ಸಾಕ್ಷಿಯೆಂದು ನೋಡುವವರು ನಂಬುತ್ತಾರೆ. ಅದು ಸುಳ್ಳು ಸಾಕ್ಷಿಯೂ ಆಗಬಲ್ಲದು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಅದರಿಂದ ಮಾಡಿದ ಸಾರು ತೆರೆಯ ಮೇಲೆ ಉರಿಯುವ ಕೆಂಪಾಗಿ ಕಂಡು, ಖಾರ ತಿನ್ನದವನನ್ನು ಬಾಗಿಲಿನಿಂದಲೇ ಹಿಂದಿರುಗಿಸಬಹುದು. ಇದಕ್ಕೆ ವಿರುದ್ಧವಾಗಿ ಹುಬ್ಬಳ್ಳಿಯ ಸಾವಜಿ ಊಟದ ಮಾಂಸದ ಸಾರು ಮಸಾಲೆ ಹುರಿದ ಕಂದುಗಪ್ಪಿನದು. ತೆರೆಯ ಮೇಲೆ ಅದು ಮಂಕಾಗಿಯೇ ತೋರುತ್ತದೆ, ನಾಲಗೆಯ ಮೇಲೆ ಬಿದ್ದಾಗಲೇ ಅದರ ಪ್ರತಾಪ ತಿಳಿಯುವುದು. ಸಂಕಲನದ ವೇಳೆಯಲ್ಲಿ ಎಲ್ಲ ಚಿತ್ರಗಳಿಗೂ ಒಂದೇ ಬಗೆಯ ಕೆಂಪನ್ನು ಏರಿಸುವ ಅಭ್ಯಾಸವು ಈ ಎರಡು ಅಡುಗೆಗಳ ಭೇದವನ್ನೇ ಅಳಿಸಿಹಾಕುತ್ತದೆ. ಎಣ್ಣೆಗಾಯಿ, ಝುಣಕ, ಗುರೆಳ್ಳಿನ ಚಟ್ನಿ, ಕೆನೆಮೊಸರುಗಳು ಒಂದೇ ತಾಟಿನಲ್ಲಿ ಕೂಡಿದಾಗ ಕಂದು, ಹಳದಿ, ಕಪ್ಪು, ಬಿಳುಪುಗಳು ತಮ್ಮಷ್ಟಕ್ಕೆ ಹೊಂದಿಕೊಂಡೇ ಇರುತ್ತವೆ. ತಿದ್ದುವವನು ಸುಮ್ಮನಿರುವುದೇ ಮೇಲು.

ವಾಸನೆಯನ್ನು ಚಿತ್ರ ಹಿಡಿಯಲಾರದು, ಧ್ವನಿಯನ್ನು ಹಿಡಿಯಬಲ್ಲದು. ರೊಟ್ಟಿ ಬಡಿಯುವ ತಾಳ, ಒಗ್ಗರಣೆಯ ಸದ್ದು, ಕಟಕ್ ರೊಟ್ಟಿ ಮುರಿಯುವ ಶಬ್ದ, ಇವು ವಾಸನೆಯ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ. ಆದರೂ ಬಹುತೇಕ ಚಿತ್ರಗಳಲ್ಲಿ ಎಲ್ಲಿಂದಲೋ ತಂದ ಸಂಗೀತವು ಇವೆಲ್ಲವನ್ನೂ ಮುಚ್ಚಿಬಿಡುತ್ತದೆ. ಆ ಸಂಗೀತಕ್ಕೆ 1957ರ ಕೃತಿಸ್ವಾಮ್ಯದ ಕಾನೂನು ಅನ್ವಯಿಸುತ್ತದೆಂಬ ಅರಿವೂ ಅಪರೂಪ. ಮಾತಿನ ವಿಷಯವೂ ಹಾಗೆಯೇ. “ಬಿಸಿ ರೊಟ್ಟಿ ತರ್ಲೇನ್ರಿ?” ಎಂಬ ಬಡಿಸುವವನ ಒಂದು ಮಾತು ಮಾಡುವ ಕೆಲಸವನ್ನು ಬೆಂಗಳೂರಿನ ಧಾಟಿಯ ಹತ್ತು ವಿಶೇಷಣಗಳು ಮಾಡಲಾರವು.

ಈಗ ಸತ್ಯದ ಪ್ರಶ್ನೆಗೆ ಬರೋಣ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಸೂಪಿನ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿ, ಮುಳುಗಬೇಕಾದ ತರಕಾರಿ ಮೇಲೆ ಕಾಣುವಂತೆ ಮಾಡಲಾಗಿತ್ತು. ಅಲ್ಲಿಯ ವ್ಯಾಪಾರ ಆಯೋಗವು ಅದನ್ನು ವಂಚನೆಯೆಂದು ಪರಿಗಣಿಸಿ ಕ್ರಮ ಕೈಕೊಂಡಿತು. ಗಮನಿಸಬೇಕಾದುದೇನೆಂದರೆ, ಸೂಪು ನಿಜವಾದದ್ದೇ, ತರಕಾರಿಯೂ ನಿಜವಾದದ್ದೇ. ಅವೆರಡರ ಪ್ರಮಾಣದ ಬಗೆಗೆ ಮೂಡಿದ ಭಾವನೆ ಮಾತ್ರ ಸುಳ್ಳು. ನಮ್ಮ ದೇಶದಲ್ಲಿ 2006ರ ಆಹಾರ ಸುರಕ್ಷತೆಯ ಕಾಯಿದೆಯು ಆಹಾರದ ಗುಣಸ್ವರೂಪಗಳ ಬಗ್ಗೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸಿದೆ. ಹಣ ಪಡೆದು ಹೊಗಳುವವನು ಆ ಸಂಬಂಧವನ್ನು ಬಹಿರಂಗಪಡಿಸಬೇಕೆಂದು 2022ರ ಕೇಂದ್ರ ಮಾರ್ಗಸೂಚಿಗಳು ಹೇಳುತ್ತವೆ. ಊಟ ಮಾಡುತ್ತ ಕಣ್ಣು ಮುಚ್ಚಿ ತಲೆದೂಗುವ ಆ ಗೆಳೆಯರಿಗೂ ಇದು ಅನ್ವಯಿಸುತ್ತದೆ.

ಖಾನಾವಳಿಯ ಚಿತ್ರದಲ್ಲಿ ಗೋಲಿಯ ಸ್ಥಾನವನ್ನು ಪಡೆಯಬಲ್ಲದ್ದು, ನಮ್ಮ ಅಭಿಪ್ರಾಯದಲ್ಲಿ, ರೊಟ್ಟಿ ಬಡಿಯುವ ದೃಶ್ಯವೇ. ರೊಟ್ಟಿಯನ್ನು ಹೊರಗಿನ ಮನೆಗಳಿಂದ ತರಿಸಿಕೊಳ್ಳುವುದುಂಟು. ಯಂತ್ರದಲ್ಲಿ ಒತ್ತಿಸುವುದೂ ಉಂಟು. ಇವೆರಡರಲ್ಲಿಯೂ ತಪ್ಪಿಲ್ಲ. ಆದರೆ ಚಿತ್ರಕ್ಕೆಂದೇ ಒಬ್ಬಾಕೆಯನ್ನು ಕರೆತಂದು ಒಲೆಯ ಮುಂದೆ ಕೂರಿಸಿ, ಅಂಗಡಿಯಲ್ಲಿ ಯಂತ್ರದ ರೊಟ್ಟಿಯನ್ನು ಬಡಿಸಿದರೆ ಅದು ಗೋಲಿಯೇ. ತಾಟನ್ನು ಒರೆಸುವುದು, ಬದನೆಕಾಯಿಯ ಚೆಲುವಾದ ಮಗ್ಗುಲನ್ನು ಮುಂದಿಡುವುದು ಅಲಂಕಾರ. ಹೊಳಪಿಗೆಂದು ಗ್ಲಿಸರಿನ್ ಸವರುವುದು ಅಲಂಕಾರವಲ್ಲ. ಇವನ್ನು ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಸಾಕು: ಕ್ಯಾಮೆರಾದ ಮುಂದಿನ ತಾಟನ್ನು ಎತ್ತಿ ಹಾಗೆಯೇ ಗಿರಾಕಿಯ ಮುಂದೆ ಇಡಬಹುದೆ?

ನಿಜವಾಗಿಯೂ ಅಲ್ಲಿಯೇ ರೊಟ್ಟಿ ಬಡಿಯುವ ಹೆಣ್ಣುಮಗಳಿದ್ದರೆ ಆಕೆಯ ಸಂಗತಿಯನ್ನೂ ಯೋಚಿಸಬೇಕಾಗುತ್ತದೆ. ಇಂಥ ಚಿತ್ರಗಳಲ್ಲಿ ಕೈಗಳು ಮಾತ್ರ ಕಾಣುವುದು ಸಾಮಾನ್ಯ. ಮಾಲಿಕನಿಗೆ ಮುಖವೂ ಹೆಸರೂ ಇರುತ್ತವೆ. ಮುಖ ತೋರಿಸಲು ಆಕೆ ಒಲ್ಲೆನೆಂದರೆ ಆ ಮಾತೇ ಕಡೆಯದು. ಒಪ್ಪಿದರೆ, ಚಿತ್ರವು ಎಲ್ಲೆಲ್ಲಿ ಹರಡುವುದೆಂಬುದನ್ನು ಮೊದಲೇ ತಿಳಿಸಿ, ಹತ್ತಾರು ಸಲ ಮಾಡಿಸಿದ ಕೆಲಸಕ್ಕೆ ದಿನದ ಕೂಲಿಯಲ್ಲದೆ ಬೇರೆ ಸಂಭಾವನೆಯನ್ನು ಕೊಡಬೇಕು. ಚಿತ್ರೀಕರಣವನ್ನು ಮಧ್ಯಾಹ್ನದ ಪಂಕ್ತಿ ಆರಂಭವಾಗುವ ಮೊದಲೇ ಮುಗಿಸುವುದು ಒಳ್ಳೆಯದು. ಆಗ ಕಿಟಕಿಯ ಬೆಳಕೂ ಇರುತ್ತದೆ, ಉಬ್ಬಿದ ರೊಟ್ಟಿಗಳು ಆರುವ ಮೊದಲೇ ಉಣ್ಣುವವರನ್ನು ತಲುಪುತ್ತವೆ.