ಮನೆಯಲ್ಲಿ ಕುಳಿತು ಇಂಜನಿಯರಿಂಗ್ ಪದವಿ

ಉದ್ಯೋಗದಲ್ಲಿ ನಿಂತ ಮೇಲೆಯೂ ಓದನ್ನು ಮುಂದುವರಿಸಬೇಕೆಂಬ ಆಸೆಯು ಈಗಿನ ತರುಣರಲ್ಲಿ ಹೆಚ್ಚಾಗಿ ಕಂಡುಬರುತ್ತಿರುವುದು. ಇದು ಸಂತೋಷದ ಸಂಗತಿಯೇ ಸರಿ. ಡಿಪ್ಲೊಮಾ ಮುಗಿಸಿ ಕಾರ್ಖಾನೆಯನ್ನು ಸೇರಿದವನಿಗೆ ಬಿ.ಇ. ಆಗಬೇಕೆಂದು ಮನಸ್ಸು; ಬಿ.ಇ. ಮುಗಿಸಿದವಳಿಗೆ ಎಂ.ಟೆಕ್. ಆಗಬೇಕೆಂದು ಮನಸ್ಸು. ಆದರೆ ಕೆಲಸವನ್ನು ಬಿಟ್ಟರೆ ಸಂಸಾರ ನಡೆಯದು. ಬಿಡದಿದ್ದರೆ ಕಾಲೇಜಿಗೆ ಹೋಗಲಾಗದು. ಈ ಇಕ್ಕಟ್ಟಿನಲ್ಲಿರುವವರ ಕಣ್ಣಿಗೆ, ಮನೆಯಲ್ಲಿಯೇ ಕುಳಿತು ಪದವಿಯನ್ನು ಪಡೆಯಬಹುದೆಂಬ ಜಾಹೀರಾತು ಬಿದ್ದರೆ, ಬಾಯಾರಿದವನಿಗೆ ನೀರು ಕಂಡಂತಾಗುವುದು. ಅದು ನೀರೋ, ಬಿಸಿಲ್ಗುದುರೆಯೋ ಎಂಬುದನ್ನು ಹಣ ಕಟ್ಟುವುದಕ್ಕೆ ಮುಂಚೆಯೇ ಪರೀಕ್ಷಿಸತಕ್ಕುದು.

ನಾವು ಮೂವತ್ತೈದು ವರ್ಷ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿದವರು. ಯಂತ್ರವಿದ್ಯೆಯು ನಮ್ಮ ಶಾಸ್ತ್ರವಲ್ಲ. ಆದರೂ ನಮ್ಮಲ್ಲಿ ಓದಿದ ಮಕ್ಕಳು ದೊಡ್ಡವರಾಗಿ, ಇಂಥ ವಿಷಯಗಳಲ್ಲಿ ಸಲಹೆಯನ್ನು ಕೇಳಿಕೊಂಡು ಬರುವುದುಂಟು. ಅವರಿಗೋಸ್ಕರ ವಿಚಾರಿಸಿ ತಿಳಿದುಕೊಂಡ ಸಂಗತಿಗಳು ಇತರ ಗೃಹಸ್ಥರಿಗೂ ಉಪಯೋಗಕ್ಕೆ ಬಂದಾವೆಂದು ಇಲ್ಲಿ ಬರೆಯುತ್ತಿದ್ದೇವೆ.

ದೂರದಲ್ಲಿದ್ದುಕೊಂಡು ಓದುವ ಪದ್ಧತಿಯು ನಿನ್ನೆ ಮೊನ್ನೆಯದಲ್ಲ. ಇಂಗ್ಲೆಂಡಿನಲ್ಲಿ ೧೮೪೦ರಲ್ಲಿ ಅಗ್ಗದ ಟಪ್ಪಾಲು ವ್ಯವಸ್ಥೆ ಬಂದೊಡನೆಯೇ ಐಸಾಕ್ ಪಿಟ್‌ಮನ್ ಎಂಬವನು ಶೀಘ್ರಲಿಪಿಯನ್ನು ಕಾಗದದ ಮೂಲಕ ಕಲಿಸಿದನು. ೧೮೫೮ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು, ಎಲ್ಲಿ ಓದಿದವರಾದರೂ ತನ್ನ ಪರೀಕ್ಷೆಗೆ ಕುಳಿತುಕೊಳ್ಳಬಹುದೆಂದು ಬಾಗಿಲು ತೆರೆಯಿತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಅಂಚೆ ಶಿಕ್ಷಣವನ್ನು ಪ್ರಾರಂಭಿಸಿತು. ೧೯೯೬ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಹಳ್ಳಿಯ ಉಪಾಧ್ಯಾಯರೂ ಗುಮಾಸ್ತೆಯರೂ ಗೃಹಿಣಿಯರೂ ಈ ಮಾರ್ಗದಿಂದ ಬಿ.ಎ., ಎಂ.ಎ. ಪದವಿಗಳನ್ನು ಪಡೆದು ಮುಂದೆ ಬಂದಿರುವರು. ಸಾಹಿತ್ಯ, ಚರಿತ್ರೆ, ಅರ್ಥಶಾಸ್ತ್ರ ಮುಂತಾದುವನ್ನು ಪುಸ್ತಕದಿಂದ ಕಲಿಯಲು ಬರುವುದು. ಇಂಜನಿಯರಿಂಗ್ ವಿದ್ಯೆಯ ಮಾತೇ ಬೇರೆ.

ಮಹಾಭಾರತದ ಏಕಲವ್ಯನನ್ನು ನೆನೆದುಕೊಂಡರೆ ಈ ಭೇದವು ತಿಳಿಯುವುದು. ಅವನು ಗುರುವಿನ ಮಣ್ಣಿನ ಪ್ರತಿಮೆಯನ್ನು ಮುಂದಿರಿಸಿಕೊಂಡು ಕಲಿತನು. ಆದರೆ ಬಿಲ್ಲು, ಬಾಣ, ಗುರಿ, ಕಾಡು ಎಲ್ಲವೂ ಅವನ ಕೈಯಲ್ಲಿಯೇ ಇದ್ದುವು. ಅಭ್ಯಾಸಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಮನ್ನಣೆಗೆ. ಇಂದು ದೂರಶಿಕ್ಷಣದಲ್ಲಿ ಇಂಜನಿಯರಿಂಗ್ ಓದಹೊರಟವನಿಗೆ ಈ ಎರಡು ಪ್ರಶ್ನೆಗಳೂ ಎದುರಾಗುವುವು. ಅಭ್ಯಾಸಕ್ಕೆ ಸಾಧನವೆಲ್ಲಿ? ಕಲಿತುದಕ್ಕೆ ಮನ್ನಣೆಯೆಲ್ಲಿ?

ಕಾಂಕ್ರೀಟಿನ ದಿಂಡನ್ನು ಒತ್ತಿ ಒಡೆದು ನೋಡದೆ ಅದರ ಬಲವು ತಿಳಿಯದು. ಲೇತಿನ ಮುಂದೆ ನಿಲ್ಲದೆ ಲೋಹದ ಸ್ವಭಾವವು ತಿಳಿಯದು. ಇಂಜನಿಯರನ ತಪ್ಪು ಕಾಗದದ ಮೇಲೆ ಉಳಿಯುವುದಿಲ್ಲ. ಸೇತುವೆಯಲ್ಲಿ, ಕಟ್ಟಡದಲ್ಲಿ, ವಿದ್ಯುತ್ತಿನ ತಂತಿಯಲ್ಲಿ ಇಳಿದು ಪರರ ಪ್ರಾಣಕ್ಕೆ ಬರುವುದು. ಆದುದರಿಂದಲೇ ಸರ್ಕಾರವು ಈ ವಿದ್ಯೆಯ ವಿಷಯದಲ್ಲಿ ಕಟ್ಟುನಿಟ್ಟಾಗಿರುವುದು.

ನಮ್ಮ ಹಳೆಯ ಶಿಷ್ಯನೊಬ್ಬನ ಸಂಗತಿಯನ್ನು ಹೇಳುವೆವು. ಡಿಪ್ಲೊಮಾ ಓದಿ, ನೀರು ಸರಬರಾಜಿನ ಕೆಲಸದಲ್ಲಿದ್ದವನು. ತನಗಿಂತ ಕಿರಿಯರು ಪದವಿಯ ಬಲದಿಂದ ಮೇಲಕ್ಕೆ ಹೋಗುವುದನ್ನು ಕಂಡು, ಹೊರರಾಜ್ಯದ ಒಂದು ಸಂಸ್ಥೆಯ ದೂರಶಿಕ್ಷಣದ ಬಿ.ಟೆಕ್. ತರಗತಿಗೆ ಸೇರಿದನು. ನಾಲ್ಕು ವರ್ಷ ರಾತ್ರಿ ಓದಿದನು. ಹೆಂಡತಿಯ ಬಳೆಗಳು ಅಡವಿಗೆ ಹೋದುವು. ಪದವಿಪತ್ರವೂ ಬಂದಿತು, ಮನೆಯಲ್ಲಿ ಹಬ್ಬವೂ ಆಯಿತು. ಆದರೆ ಬಡ್ತಿಯ ಕಾಲದಲ್ಲಿ ಕಚೇರಿಯವರು ಆ ಪತ್ರವನ್ನು ನೋಡಿ, ಇದಕ್ಕೆ ತಾಂತ್ರಿಕ ಶಿಕ್ಷಣ ಪರಿಷತ್ತಿನ ಒಪ್ಪಿಗೆಯಿಲ್ಲವೆಂದು ಹಿಂದಿರುಗಿಸಿದರು. ಅವನು ಮೋಸಗಾರನಲ್ಲ, ಸೋಮಾರಿಯೂ ಅಲ್ಲ. ಓದಿದನು, ಬರೆದನು, ಪಾಸಾದನು. ಸಂಸ್ಥೆಗೆ ಕೊಡಲು ಅಧಿಕಾರವಿಲ್ಲದ ಪದವಿಯನ್ನು ಅವನು ತೆಗೆದುಕೊಂಡಿದ್ದನು, ಅಷ್ಟೆ.

ಇದು ಒಬ್ಬನ ಕಥೆಯಲ್ಲ. ೨೦೧೭ನೆಯ ನವೆಂಬರ್ ೩ರಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಇಂಥದೇ ವಿಷಯದಲ್ಲಿ ತೀರ್ಪನ್ನು ಕೊಟ್ಟಿತು. ನಾಲ್ಕು ಪರಿಗಣಿತ ವಿಶ್ವವಿದ್ಯಾನಿಲಯಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅಪ್ಪಣೆಯಿಲ್ಲದೆ ದೂರಶಿಕ್ಷಣದ ಮೂಲಕ ಇಂಜನಿಯರಿಂಗ್ ಪದವಿಗಳನ್ನು ಕೊಟ್ಟಿದ್ದುವು. ೨೦೦೧ರಿಂದ ೨೦೦೫ರ ವರೆಗೆ ಸೇರಿದವರ ಪದವಿಗಳು ಅಮಾನತಿನಲ್ಲಿರಬೇಕೆಂದೂ, ಪರಿಷತ್ತು ನಡೆಯಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಅವು ಮತ್ತೆ ಸಲ್ಲುವುವೆಂದೂ ನ್ಯಾಯಾಲಯವು ವಿಧಿಸಿತು. ಅನಂತರ ಸೇರಿದವರ ಪದವಿಗಳು ರದ್ದಾದುವು. ಇಂಜನಿಯರಿಂಗ್ ಶಿಕ್ಷಣಕ್ಕೆ ಪ್ರಾಯೋಗಿಕ ಅಭ್ಯಾಸವೇ ಬೆನ್ನೆಲುಬೆಂಬುದು ಆ ತೀರ್ಪಿನ ಸಾರವು. ಎಷ್ಟೋ ಸಂಸಾರಗಳು ಈ ತೀರ್ಪಿನಿಂದ ನಡುಗಿರಬೇಕು. ಆದರೆ ನ್ಯಾಯಾಲಯವನ್ನು ದೂಷಿಸಿ ಫಲವಿಲ್ಲ. ಅಡಿಪಾಯವಿಲ್ಲದ ಮನೆಯು ಬಿದ್ದಾಗ, ಅದನ್ನು ಕಟ್ಟಿ ಮಾರಿದವನನ್ನು ಕೇಳಬೇಕೇ ಹೊರತು, ಬಿದ್ದಿತೆಂದು ಹೇಳಿದವನನ್ನಲ್ಲ.

ಅಂದಿನಿಂದ ನಿಯಮವು ಇನ್ನೂ ಸ್ಪಷ್ಟವಾಗಿರುವುದು. ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗ, ಅಂದರೆ ಯು.ಜಿ.ಸಿ., ೨೦೨೦ರಲ್ಲಿ ಹೊರಡಿಸಿದ ನಿಬಂಧನೆಗಳಲ್ಲಿ, ಮುಕ್ತ, ದೂರ ಹಾಗೂ ಆನ್‌ಲೈನ್ ಶಿಕ್ಷಣದಿಂದ ಕೊಡಕೂಡದ ವಿದ್ಯೆಗಳ ಪಟ್ಟಿಯಿರುವುದು. ವೈದ್ಯ, ದಂತವೈದ್ಯ, ಶುಶ್ರೂಷೆ, ವಾಸ್ತುಶಿಲ್ಪ ಮುಂತಾದವುಗಳ ಜೊತೆಯಲ್ಲಿ ಇಂಜನಿಯರಿಂಗ್ ಕೂಡ ಅದರಲ್ಲಿ ಸೇರಿದೆ. ೨೦೨೨ರಲ್ಲಿ ಅದೇ ಆಯೋಗವು, ಒಪ್ಪಿಗೆ ಪಡೆದ ದೂರಶಿಕ್ಷಣದ ಪದವಿಗಳು ಕಾಲೇಜಿನ ಪದವಿಗಳಿಗೆ ಸಮಾನವೆಂದು ಸಾರಿತಷ್ಟೆ. ಜಾಹೀರಾತುದಾರರು ಈ ಮಾತನ್ನು ಎತ್ತಿ ತೋರಿಸುವುದುಂಟು. ಆ ಸಮಾನತೆಯು ಒಪ್ಪಿಗೆಯಿರುವ ವಿಷಯಗಳಿಗೆ ಮಾತ್ರವೆಂಬುದನ್ನು ವಾಚಕರು ಮರೆಯಬಾರದು.

ಹಾಗಾದರೆ ಉದ್ಯೋಗಸ್ಥನಿಗೆ ದಾರಿಯೇ ಇಲ್ಲವೇ? ಉಂಟು. ಅನ್ಯದೇಶದ ಒಂದು ದೃಷ್ಟಾಂತದಿಂದ ಅದರ ಮರ್ಮವು ತಿಳಿಯುವುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವು ೧೯೫೪ರಲ್ಲಿ, ಸುತ್ತಮುತ್ತಣ ಕಾರ್ಖಾನೆಗಳ ಇಂಜನಿಯರುಗಳು ಕೆಲಸದಲ್ಲಿದ್ದುಕೊಂಡೇ ಸ್ನಾತಕೋತ್ತರ ಪದವಿಗೆ ಓದುವ ಏರ್ಪಾಟನ್ನು ಮಾಡಿತು. ೧೯೬೯ರಲ್ಲಿ ಪಾಠಗಳನ್ನು ಟೆಲಿವಿಷನ್ನಿನ ಮೂಲಕ ಆ ಕಾರ್ಖಾನೆಗಳಿಗೇ ಮುಟ್ಟಿಸಿತು. ೧೯೮೪ರಲ್ಲಿ ಕೊಲೊರಾಡೋ ಪ್ರಾಂತದ ಫೋರ್ಟ್ ಕಾಲಿನ್ಸ್ ಎಂಬಲ್ಲಿ ಸ್ಥಾಪಿತವಾದ ನ್ಯಾಷನಲ್ ಟೆಕ್ನಲಾಜಿಕಲ್ ಯೂನಿವರ್ಸಿಟಿಯು, ಹಲವು ವಿಶ್ವವಿದ್ಯಾನಿಲಯಗಳ ಪಾಠಗಳನ್ನು ಉಪಗ್ರಹದ ಮೂಲಕ ಕೆಲಸದ ಸ್ಥಳಗಳಿಗೆ ಕಳುಹಿಸುತ್ತಿದ್ದಿತು. ೨೦೧೪ರ ಜನವರಿಯಲ್ಲಿ ಜಾರ್ಜಿಯಾ ಟೆಕ್ ಸಂಸ್ಥೆಯು ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಸುಮಾರು ೭,೦೦೦ ಡಾಲರುಗಳ ವೆಚ್ಚದಲ್ಲಿ ಅಂತರಜಾಲದಿಂದ ಕಲಿಸತೊಡಗಿತು. ಇವೆಲ್ಲವೂ ಸ್ನಾತಕೋತ್ತರ ಪದವಿಗಳೆಂಬುದನ್ನು ಗಮನಿಸಬೇಕು. ಓದುವವನು ಮೊದಲ ಪದವಿಯಲ್ಲಿಯೇ ಪ್ರಯೋಗಶಾಲೆಯನ್ನು ಕಂಡವನು. ಇಂಜನಿಯರನಾಗಿ ದುಡಿಯುವವನಿಗೆ ಕೆಲಸದ ಸ್ಥಳವೇ ಎರಡನೆಯ ಪ್ರಯೋಗಶಾಲೆ. ತಳಹದಿಯು ಇದ್ದಲ್ಲಿ ಮೇಲಂತಸ್ತನ್ನು ದೂರದಿಂದಲೂ ಎತ್ತಬಹುದು.

ನಮ್ಮ ದೇಶದಲ್ಲಿ ಇದೇ ತತ್ತ್ವದ ಮೇಲೆ ಪಿಲಾನಿಯ ಬಿರ್ಲಾ ಸಂಸ್ಥೆಯು ೧೯೭೯ರಿಂದ ಉದ್ಯೋಗಸ್ಥರಿಗೆ ವಿದ್ಯೆಯನ್ನು ಕೊಡುತ್ತ ಬಂದಿರುವುದು. ಅಲ್ಲಿ ಕಲಿಯುವವನು ಕೆಲಸದಲ್ಲಿರಲೇಬೇಕು. ಅವನ ಪ್ರಬಂಧವೂ ಆ ಕೆಲಸಕ್ಕೆ ಸಂಬಂಧಿಸಿದುದಾಗಿರುವುದು. ಕಾನ್ಪುರದ ಐ.ಐ.ಟಿ.ಯು ೨೦೨೨ರಿಂದ ಉದ್ಯೋಗಸ್ಥರಿಗಾಗಿ ಇ-ಮಾಸ್ಟರ್ಸ್ ಎಂಬ ಪದವಿಗಳನ್ನು ಏರ್ಪಡಿಸಿದೆ. ಐ.ಐ.ಟಿ.ಗಳು ೧೯೬೧ರ ತಮ್ಮದೇ ಶಾಸನದಿಂದ ನಡೆಯುವ ಸಂಸ್ಥೆಗಳು. ಇನ್ನು ಮೊದಲ ಪದವಿಯೇ ಬೇಕಾದ ಡಿಪ್ಲೊಮಾದವರಿಗೆ, ತಾಂತ್ರಿಕ ಶಿಕ್ಷಣ ಪರಿಷತ್ತು ೨೦೨೩ರಲ್ಲಿ ಒಂದು ಅನುಕೂಲವನ್ನು ಮಾಡಿಕೊಟ್ಟಿತು. ಒಪ್ಪಿಗೆ ಪಡೆದ ಕಾಲೇಜುಗಳು ಉದ್ಯೋಗಸ್ಥರಿಗಾಗಿ ಸಂಜೆಯಂಥ ಅನುಕೂಲವಾದ ವೇಳೆಯಲ್ಲಿ ತರಗತಿಗಳನ್ನು ನಡೆಯಿಸಬಹುದು. ಇದು ದೂರಶಿಕ್ಷಣವಲ್ಲ; ಕಾಲೇಜಿಗೆ ಹೋಗಲೇಬೇಕು. ಆದರೆ ಪದವಿಯು ಗಟ್ಟಿಯಾದುದು.

ಎ.ಎಂ.ಐ.ಇ. ಪರೀಕ್ಷೆಯ ವಿಷಯವನ್ನೂ ಹೇಳದೆ ಬಿಡಲಾಗದು. ೧೯೨೦ರಲ್ಲಿ ಸ್ಥಾಪಿತವಾಗಿ ೧೯೩೫ರಲ್ಲಿ ರಾಜಶಾಸನವನ್ನು ಪಡೆದ ಭಾರತದ ಇಂಜನಿಯರುಗಳ ಸಂಸ್ಥೆಯು ಈ ಪರೀಕ್ಷೆಯನ್ನು ನಡೆಯಿಸುವುದು. ಬಡವರ ಮನೆಯ ಎಷ್ಟೋ ಬುದ್ಧಿವಂತರು ಕಾಲೇಜಿನ ಮೆಟ್ಟಲನ್ನೇ ಹತ್ತದೆ ಇದರಿಂದ ಇಂಜನಿಯರುಗಳಾದರು. ಆದರೆ ೨೦೧೩ನೆಯ ಮೇ ೩೧ರ ವರೆಗೆ ಹೆಸರನ್ನು ನೋಂದಾಯಿಸಿದವರಿಗೆ ಮಾತ್ರ ಕೇಂದ್ರ ಸರ್ಕಾರವು ಪದವಿಗೆ ಸಮಾನವೆಂಬ ಮನ್ನಣೆಯನ್ನು ಉಳಿಸಿತು. ತಂದೆಗೆ ಸಂದ ಪರೀಕ್ಷೆಯು ಮಗನಿಗೂ ಹಾಗೆಯೇ ಸಲ್ಲುವುದೆಂದು ಭಾವಿಸಕೂಡದು.

ಪದವಿಯ ಹಂಬಲವಿಲ್ಲದೆ ವಿದ್ಯೆಯನ್ನೇ ಬಯಸುವವರಿಗಾದರೋ ಇದು ಸುಭಿಕ್ಷಕಾಲ. ಏಳು ಐ.ಐ.ಟಿ.ಗಳೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ೨೦೦೩ರಲ್ಲಿ ಪ್ರಾರಂಭಿಸಿದ ಎನ್.ಪಿ.ಟಿ.ಇ.ಎಲ್. ಯೋಜನೆಯ ಪಾಠಗಳನ್ನು ಯಾರು ಬೇಕಾದರೂ ಹಣವಿಲ್ಲದೆ ಕೇಳಬಹುದು. ಅಲ್ಪಶುಲ್ಕವನ್ನು ಕೊಟ್ಟು ಪರೀಕ್ಷೆಗೆ ಕುಳಿತರೆ ಸರ್ಟಿಫಿಕೇಟೂ ದೊರೆಯುವುದು. ಅದು ಪದವಿಯಲ್ಲ, ಆದರೆ ತಾನು ಅದೆಂದು ಹೇಳಿಕೊಳ್ಳುವುದೂ ಇಲ್ಲ.

ಈಗ ಸಲಹೆಯ ಮಾತು. ಹಣ ಕಟ್ಟುವುದಕ್ಕೆ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಮೊದಲನೆಯದು, ಪದವಿಯನ್ನು ಕೊಡುವವರು ಯಾರು? ಊರಿನ ಅಭ್ಯಾಸಕೇಂದ್ರದ ಬೋರ್ಡನ್ನು ನೋಡಿದರೆ ಸಾಲದು. ಎರಡನೆಯದು, ಆ ವಿಷಯಕ್ಕೆ, ಆ ವರ್ಷಕ್ಕೆ, ಆ ಬಗೆಯ ಬೋಧನೆಗೆ ಒಪ್ಪಿಗೆಯುಂಟೇ? ಸಂಸ್ಥೆಗೆ ಒಪ್ಪಿಗೆಯಿದ್ದ ಮಾತ್ರಕ್ಕೆ ಅದರ ಎಲ್ಲ ತರಗತಿಗಳಿಗೂ ಇದ್ದಂತಾಗುವುದಿಲ್ಲ. ಇದನ್ನು ಯು.ಜಿ.ಸಿ. ಮತ್ತು ತಾಂತ್ರಿಕ ಪರಿಷತ್ತಿನ ಪಟ್ಟಿಗಳಲ್ಲಿ ನೀವೇ ನೋಡಿರಿ. ಮಾರುವವನ ಬಾಯಿಮಾತನ್ನು ನಂಬಬೇಡಿರಿ. ಮೂರನೆಯದು, ಪ್ರಾಯೋಗಿಕ ಅಭ್ಯಾಸವು ಎಲ್ಲಿ, ಎಷ್ಟು ದಿನ ನಡೆಯುವುದು? ಪ್ರಯೋಗಶಾಲೆಯ ಮಾತೆತ್ತಿದೊಡನೆ ಉತ್ತರವು ತೊದಲಿದರೆ ಅಲ್ಲಿಂದ ಎದ್ದು ಬನ್ನಿರಿ. ನಾಲ್ಕನೆಯದು, ನಿಮ್ಮ ಕಚೇರಿಯು ಈ ಪದವಿಯನ್ನು ಬಡ್ತಿಗೆ ಒಪ್ಪುವುದೇ? ಇದನ್ನು ಬರವಣಿಗೆಯಲ್ಲಿ ಪಡೆಯಿರಿ. ಪರದೇಶದ ಪದವಿಯಾದರೆ ಇದು ಇನ್ನೂ ಅವಶ್ಯಕವು. ಖಾಸಗಿ ಕಂಪೆನಿಯು ಮೆಚ್ಚಿದುದನ್ನು ಸರ್ಕಾರವೂ ಮೆಚ್ಚಬೇಕೆಂಬ ನಿಯಮವಿಲ್ಲ.

ಈ ನಾಲ್ಕಕ್ಕೂ ತೃಪ್ತಿಕರವಾದ ಉತ್ತರ ದೊರೆತ ಮೇಲೆ ಐದನೆಯ ಪ್ರಶ್ನೆಯೊಂದು ಮನೆಯವರೆಲ್ಲರೂ ಕೂಡಿ ಕೇಳಿಕೊಳ್ಳಬೇಕಾದುದು. ಎರಡು ಮೂರು ವರ್ಷ ಭಾನುವಾರಗಳು ಇಲ್ಲವಾಗುವುವು. ರಾತ್ರಿ ದೀಪವು ಉರಿಯುವುದು. ಓದುವವನು ಗಂಡಸಾದರೆ ಹೆಂಡತಿಯು ಮನೆಯ ಭಾರವನ್ನು ಹೊರುವಳು. ಓದುವವಳು ಹೆಂಗಸಾದರೆ ಆ ಭಾರವನ್ನು ಹೊರಲು ಗಂಡನೂ ಅತ್ತೆಯೂ ಸಿದ್ಧರಿರುವರೇ? ಸಿದ್ಧರಿಲ್ಲದ ಮನೆಯಲ್ಲಿ ಅತ್ಯುತ್ತಮವಾದ ವಿಶ್ವವಿದ್ಯಾನಿಲಯವೂ ಏನನ್ನೂ ಮಾಡಲಾರದು.

ನಾವು ಮೇಲೆ ಹೇಳಿದ ಶಿಷ್ಯನು ಈಗ ಊರಿನ ಸಮೀಪದ ಕಾಲೇಜೊಂದರ ಸಂಜೆಯ ತರಗತಿಗೆ ಹೋಗುತ್ತಿರುವನು. ವಯಸ್ಸು ನಲವತ್ತನ್ನು ದಾಟಿದೆ. ಸೇರುವ ಮುನ್ನ ಒಪ್ಪಿಗೆಯ ಪತ್ರವನ್ನು ತಾನೇ ಓದಿ, ಕಚೇರಿಯ ಸಮ್ಮತಿಯನ್ನೂ ಬರವಣಿಗೆಯಲ್ಲಿ ಪಡೆದುಕೊಂಡಿರುವನು. ಹಿಂದೆ ಓದಿದುದು ವ್ಯರ್ಥವಾಗಲಿಲ್ಲ, ಲೆಕ್ಕಗಳು ಈಗ ಬೇಗನೆ ಬರುತ್ತವೆ ಎಂದು ಅವನೇ ಹೇಳುವನು. ಕಲಿತ ವಿದ್ಯೆಯನ್ನು ಯಾರೂ ರದ್ದು ಮಾಡಲಾರರು. ಆದರೆ ವಿದ್ಯೆಯ ಜೊತೆಗೆ ಪದವಿಯೂ ಬೇಕೆನ್ನುವ ಗೃಹಸ್ಥನು ಅದನ್ನು ಕೊಡುವವನ ಅಧಿಕಾರವನ್ನು ಮೊದಲು ನೋಡಿ, ಅನಂತರ ಹಣದ ಚೀಲವನ್ನು ಬಿಚ್ಚಲಿ.