ಇನ್ನೊಂದು ಯಾವಾಗ?: ವಯನಾಡಿನಲ್ಲಿ ಕೇಳಿಬರುವ ಕೆಲವು ಮಾತು, ಅವುಗಳ ಹಿಂದಿನ ನಿಜ

ಚೊಚ್ಚಲ ಮಗು ಅಂಬೆಗಾಲಿಡುವ ಹೊತ್ತಿಗೆ ಪ್ರಶ್ನೆ ಶುರುವಾಗುತ್ತದೆ: ಇನ್ನೊಂದು ಯಾವಾಗ? ಕಲ್ಪೆಟ್ಟದ ಜೈನ ಗೌಡರ ಮನೆಯಾಗಲಿ, ಮೇಪ್ಪಾಡಿಯ ಚಹಾ ತೋಟದ ಪಾಡಿ, ಅಂದರೆ ಆಳುಗಳ ಸಾಲುಮನೆಯಾಗಲಿ, ಈ ಪ್ರಶ್ನೆಯಿಂದ ಯಾರಿಗೂ ವಿನಾಯಿತಿಯಿಲ್ಲ. ಉತ್ತರ ಕೊಡಬೇಕಾದವಳು ಒಬ್ಬಳು. ಆ ಉತ್ತರಕ್ಕೆ ಕಾರಣ ಹುಡುಕುವುದು ಊರಿನವರೆಲ್ಲ. ಈಚೆಗೆ ಈ ಹರಟೆಗೆ ದಕ್ಷಿಣ ಕೊರಿಯಾವೂ ಬಂದು ಸೇರಿಕೊಂಡಿದೆ. ನಾವೂ ಕೇಳಿ ನಂಬಿದ್ದ ಕೆಲವು ಮಾತುಗಳನ್ನು ಇಲ್ಲಿ ಒರೆಗೆ ಹಚ್ಚಿದ್ದೇವೆ.

ಕೊರಿಯಾದಲ್ಲಿ ಮದುವೆಯಾದ ಹೆಂಗಸರಿಗೂ ಮಕ್ಕಳೆಂದರೆ ಬೇಡವಾಗಿದೆ, ನಮ್ಮ ಹುಡುಗಿಯರೂ ಅದೇ ಹಾದಿ ಹಿಡಿದಿದ್ದಾರೆ ಎಂಬುದು ಮೊದಲನೆಯದು.

ವಾಸ್ತವ: 2023ರಲ್ಲಿ ಕೊರಿಯಾದ ಫಲವತ್ತತೆಯ ದರ, ಅಂದರೆ ಒಬ್ಬ ಹೆಂಗಸಿಗೆ ಆಗುವ ಮಕ್ಕಳ ಸರಾಸರಿ, 0.72ಕ್ಕೆ ಇಳಿದದ್ದು ಹೌದು. ಆದರೆ ಆ ಸಂಖ್ಯೆಯೊಳಗೆ ಮದುವೆಯೇ ಆಗದವರೂ ಸೇರಿದ್ದಾರೆ. ಮದುವೆಯ ಹೊರಗೆ ಮಕ್ಕಳಾಗುವುದು ಅಲ್ಲಿ ತೀರ ಅಪರೂಪ. ಹಾಗಾಗಿ ಮದುವೆ ತಡವಾದರೂ, ತಪ್ಪಿದರೂ ಸರಾಸರಿ ಕುಸಿಯುತ್ತದೆ. ಮದುವೆಯಾದವರಲ್ಲಿ ಹೆಚ್ಚಿನವರು ಒಂದು ಮಗು ಹೆರುತ್ತಾರೆ. ತಡವರಿಸುವುದು ಎರಡನೆಯದಕ್ಕೆ. ಸಿಯೋಲ್‌ನ ಮನೆ ಬೆಲೆ, ಶಾಲೆ ಮುಗಿದ ಮೇಲೂ ಬಿಡದ ಖಾಸಗಿ ಟ್ಯೂಷನ್ ಖರ್ಚು, ರಾತ್ರಿಯವರೆಗೆ ಎಳೆಯುವ ಕಚೇರಿ ಕೆಲಸ, ಮನೆಗೆಲಸಕ್ಕೆ ಕೈ ಹಾಕದ ಗಂಡ ಇವೆಲ್ಲ ಅಲ್ಲಿನ ತಾಯಿಯ ಲೆಕ್ಕದಲ್ಲಿವೆ. ನಮ್ಮಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದ ದರ 1.8, ಕರ್ನಾಟಕದ್ದು 1.7. ಕೊರಿಯಾದಿಂದ ನಾವಿನ್ನೂ ಬಹಳ ದೂರ ಇದ್ದೇವೆ. ಆದರೂ ಒಂದರಿಂದ ಎರಡಕ್ಕೆ ಹೋಗುವಾಗ ಹೆಂಗಸು ಹಾಕುವ ಲೆಕ್ಕ ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಎಷ್ಟು ಹೆರಬೇಕೆಂದು ಜಾತಿ, ಧರ್ಮ ನಿರ್ಧರಿಸುತ್ತದೆ, ಇಂಥವರ ಮನೆಯಲ್ಲಿ ಮಕ್ಕಳು ಜಾಸ್ತಿ, ಇಂಥವರ ಮನೆಯಲ್ಲಿ ಕಡಿಮೆ ಎಂಬ ಮಾತು ಚಹಾದಂಗಡಿಯಲ್ಲಿ ದಿನವೂ ಕೇಳುತ್ತದೆ.

ವಾಸ್ತವ: ಧರ್ಮ ಹಾಗೇ ಇದೆ, ಸಂಖ್ಯೆ ಬದಲಾಗಿದೆ. ದೇಶದ ಮುಸ್ಲಿಮರಲ್ಲಿ 1992–93ರಲ್ಲಿ 4.4 ಇದ್ದ ದರ 2019–21ಕ್ಕೆ 2.4ಕ್ಕೆ ಬಂತು, ಹಿಂದೂಗಳಲ್ಲಿ 3.3ರಿಂದ 1.9ಕ್ಕೆ. ಹೆಚ್ಚು ಇಳಿದದ್ದು ಎಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ. ಜೈನರ ದರ 1.6, ಅದಕ್ಕೆ ಕಾರಣ ಬಸದಿಯಲ್ಲ, ಓದು, ಪೇಟೆಯ ಬದುಕು ಮತ್ತು ಆಸ್ತಿ ಹಂಚಿಕೆಯ ಚಿಂತೆ. 1940ರ ದಶಕದಿಂದ ತಿರುವಾಂಕೂರಿನ ಕಡೆಯಿಂದ ವಯನಾಡಿಗೆ ಗುಳೆ ಬಂದ ಕ್ರೈಸ್ತ ಕುಟುಂಬಗಳಿಗೆ ಕಾಡು ಕಡಿದು ಬೇಸಾಯ ಮಾಡಲು ಕೈಗಳು ಬೇಕಿದ್ದವು, ಮನೆತುಂಬ ಮಕ್ಕಳಿದ್ದರು. ಅವರ ಮೊಮ್ಮಕ್ಕಳು ಅದೇ ಇಗರ್ಜಿಗೆ ಹೋಗುತ್ತಾರೆ, ಒಂದೆರಡಕ್ಕೆ ನಿಲ್ಲಿಸುತ್ತಾರೆ. 2021ರಲ್ಲಿ ಕೋಟ್ಟಯಂ ಜಿಲ್ಲೆಯ ಪಾಲಾ ಧರ್ಮಪ್ರಾಂತ ಐದು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಕ್ಕೆ ತಿಂಗಳಿಗೆ 1,500 ರೂಪಾಯಿ ಕೊಡುವುದಾಗಿ ಸಾರಿತು. ಧರ್ಮವೊಂದೇ ಸಾಕಾಗಿದ್ದರೆ ಈ ಘೋಷಣೆ ಏಕೆ ಬೇಕಿತ್ತು? ವಯನಾಡಿನ ಜನಸಂಖ್ಯೆ 2001ರಲ್ಲಿ 7,80,619 ಇತ್ತು, 2011ರಲ್ಲಿ 8,17,420. ಹತ್ತು ವರ್ಷಕ್ಕೆ ಶೇ. 5 ಕೂಡ ಏರಿಲ್ಲ.

ಆದಿವಾಸಿ ಹೆಂಗಸರು ಸರ್ಕಾರದ ದುಡ್ಡಿಗಾಗಿಯೇ ಹೆರುತ್ತಾರೆ ಎಂಬ ಮಾತು ಕೇಳಲು ಹಗುರ, ಆಡಿದರೆ ಕ್ರೂರ.

ವಾಸ್ತವ: ಕೇರಳದ ಜನನಿ ಜನ್ಮರಕ್ಷಾ ಯೋಜನೆಯಲ್ಲಿ ಪರಿಶಿಷ್ಟ ಪಂಗಡದ ಗರ್ಭಿಣಿಗೆ, ಹೆರಿಗೆಯ ನಂತರದ ತಿಂಗಳುಗಳೂ ಸೇರಿ, ತಿಂಗಳಿಗೆ 2,000 ರೂಪಾಯಿಯಂತೆ 18 ತಿಂಗಳು ಸಿಗುತ್ತದೆ. ಒಟ್ಟು 36,000. ಇಷ್ಟಕ್ಕೆ ಯಾರಾದರೂ ಒಂದು ಮಗುವನ್ನು ಸಾಕಿ ತೋರಿಸಲಿ. ಆ ದುಡ್ಡು ಹೆರಲು ಅಲ್ಲ, ಗರ್ಭಿಣಿ ಹಸಿದ ಹೊಟ್ಟೆಯಲ್ಲಿ ಕೂಲಿಗೆ ಹೋಗದಿರಲಿ ಎಂದು. 2019–21ರಲ್ಲಿ ದೇಶದ ಪರಿಶಿಷ್ಟ ಪಂಗಡಗಳ ದರ 2.1, ಎಲ್ಲರ ಸರಾಸರಿ 2.0. ಗುಲ್ಲೆಬ್ಬಿಸುವಷ್ಟು ಅಂತರ ಇಲ್ಲಿ ಎಲ್ಲಿದೆ? ಹುಟ್ಟಿದ್ದೆಲ್ಲ ಉಳಿಯುತ್ತದೆಂಬ ಭರವಸೆ ಇಲ್ಲದ ಕಡೆ ಜನ ಒಂದು ಹೆಚ್ಚಿಗೆ ಇರಲಿ ಎನ್ನುತ್ತಾರೆ. ನಮ್ಮ ಅಜ್ಜಿಯರೂ ಹಾಗೆಯೇ ಅಂದುಕೊಂಡಿದ್ದವರು.

ಮೊದಲ ಮಗುವಿಗೆ ಕುಡಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಬಂದಿದ್ದರೆ ಕಂಟಕ ಅಲ್ಲಿಗೆ ಕಳೆಯಿತು, ಎರಡನೆಯದಕ್ಕೆ ಬರುವುದಿಲ್ಲ ಎನ್ನುವವರಿದ್ದಾರೆ. ಅದು ದೈವದ ಮುನಿಸು ಎನ್ನುವವರೂ ಇದ್ದಾರೆ. ಬರೀ ಆದಿವಾಸಿಗಳ ಕಾಯಿಲೆ ಎಂದು ಕೈತೊಳೆದುಕೊಳ್ಳುವವರು ಇನ್ನೂ ಹೆಚ್ಚು.

ವಾಸ್ತವ: ವಯನಾಡಿನಲ್ಲಿ ಎರಡನೆಯ ಮಗುವಿನ ಮಾತು ಬಂದಾಗ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪಣಿಯ, ಕುರಿಚ್ಯ, ಮುಳ್ಳುಕುರುಮರಲ್ಲಿ ಈ ಕಾಯಿಲೆ ಇದೆ. ಆದಿವಾಸಿಗಳಲ್ಲದ ವಯನಾಡನ್ ಚೆಟ್ಟಿಗಳಲ್ಲೂ ಇದೆ. ಕಾರಣ ಮುನಿಸಲ್ಲ, ಮಲೇರಿಯಾ. ಈ ಕಾಯಿಲೆ ತರುವ ಗುಣಾಣುವಿನ (ಜೀನ್) ಒಂದೇ ಪ್ರತಿ ಇದ್ದವರಿಗೆ ತೀವ್ರ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ಹಿಂದೆ ವಯನಾಡು ಮಲೇರಿಯಾಕ್ಕೆ ಕುಖ್ಯಾತವಾಗಿತ್ತು. ಹಾಗಾಗಿ ಗುಣಾಣು ತಲೆಮಾರುಗಳ ಉದ್ದಕ್ಕೂ ಉಳಿದುಬಂತು. ಒಂದು ಪ್ರತಿ ಇದ್ದವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ನಾಲ್ಕರಲ್ಲಿ ಒಂದು ಎಂಬುದೇ ಎಲ್ಲರನ್ನೂ ದಾರಿ ತಪ್ಪಿಸುವುದು. ಒಂದು ಮಗುವಿಗೆ ಬಂದರೆ ಮುಂದಿನ ಮೂರು ಪಾರು ಎಂದು ಅರ್ಥವಲ್ಲ. ಪಗಡೆಯ ದಾಳಕ್ಕೆ ಹಿಂದಿನ ಗರ ನೆನಪಿರುವುದಿಲ್ಲವಲ್ಲ, ಹಾಗೆ ಪ್ರತಿ ಬಸಿರೂ ಹೊಸ ಎಸೆತ. ಕಾಯಿಲೆಯ ಮಗುವಿಗೆ ಮೈಕೈ ಮೂಳೆಯಲ್ಲಿ ಇದ್ದಕ್ಕಿದ್ದಂತೆ ನೋವು ಕೆರಳುತ್ತದೆ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವ ತಾಯಿ ಕೂಲಿಯನ್ನೂ ಕಳೆದುಕೊಳ್ಳುತ್ತಾಳೆ. ಅವಳು ಇನ್ನೊಂದು ಬೇಡ ಎಂದರೆ ಹಟವೆನ್ನಬಾರದು. ಬೇಕು ಎಂದರೂ ತಪ್ಪಿಲ್ಲ. ಮೊದಲು ಇಬ್ಬರ ರಕ್ತಪರೀಕ್ಷೆ ಆಗಲಿ. ಪರೀಕ್ಷೆಗೆ ಹೆಂಡತಿಯನ್ನು ಮಾತ್ರ ಕಳಿಸುವ ಗಂಡಂದಿರು ಗಮನಿಸಬೇಕು, ನಾಲ್ಕರಲ್ಲಿ ಒಂದು ಎಂಬ ಲೆಕ್ಕಕ್ಕೆ ಇಬ್ಬರೂ ಬೇಕು.

ಕೈಗೆ ಒಂದಿಷ್ಟು ಹಣ ಕೊಟ್ಟರೆ ಎರಡನೆಯದು, ಮೂರನೆಯದು ತಾನೇ ಆಗುತ್ತದೆ ಎಂಬುದು ಸರ್ಕಾರಗಳಿಗೂ ಅಂಟಿಕೊಂಡಿರುವ ನಂಬಿಕೆ.

ವಾಸ್ತವ: ಕೊರಿಯಾ 2006ರಿಂದ ಇದಕ್ಕೆ ಲಕ್ಷಾಂತರ ಕೋಟಿ ವೊನ್ ಸುರಿದಿದೆ. 2024ರಲ್ಲಿ ದರ ಏರಿದ್ದು 0.75ಕ್ಕೆ. ಅಲ್ಲಿ ಬಾಣಂತನವೂ ದುಡ್ಡಿಗೆ ಸಿಗುತ್ತದೆ: ಬಹುಪಾಲು ತಾಯಂದಿರು ಹೆರಿಗೆಯ ನಂತರ ಎರಡು ವಾರ ಬಾಣಂತಿಗೃಹದಲ್ಲಿರುತ್ತಾರೆ. ಹದಿನೈದನೆಯ ದಿನ ಮನೆಗೆ ಬಂದಾಗ ಯಾರಿದ್ದಾರೆ? ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿದೆ. ಎಣ್ಣೆನೀರು, ಕಾರದ ಪುಡಿ, ಬೆಚ್ಚನೆ ಕೋಣೆ, ರಾತ್ರಿ ಮಗು ಅತ್ತರೆ ಏಳಲು ಅಮ್ಮ. ಎರಡನೆಯದರ ಹೊತ್ತಿಗೆ ಅಮ್ಮನಿಗೆ ಮಂಡಿನೋವು, ಮೊದಲನೆಯದು ಶಾಲೆಗೆ ಹೋಗಬೇಕು. ಮೈಸೂರು ಕಡೆಯಿಂದ ಬಂದ ಸೊಸೆಗಂತೂ ತವರಿನ ದಾರಿಯ ನಡುವೆ ಬಂಡೀಪುರ ಅಥವಾ ನಾಗರಹೊಳೆಯ ಕಾಡು, ರಾತ್ರಿ ಮುಚ್ಚುವ ಗೇಟು. ಮೊದಲ ಹೆರಿಗೆ ಕಷ್ಟವಾಗಿ, ಆಂಬುಲೆನ್ಸಿನಲ್ಲಿ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿದು ಕೋಳಿಕ್ಕೋಡು ಸೇರಿದವಳಿಗೆ ಆ ತಿರುವುಗಳು ಮರೆಯುವುದಿಲ್ಲ.

ಚಹಾ ತೋಟದಲ್ಲಿ ಲೆಕ್ಕ ಇನ್ನೂ ನೇರ. ದಿನಕ್ಕೆ ಇಷ್ಟು ಕಿಲೋ ಎಲೆ ಕಿತ್ತರೆ ಮಾತ್ರ ಪೂರ್ತಿ ಕೂಲಿ. 50 ಅಥವಾ ಹೆಚ್ಚು ಹೆಣ್ಣಾಳುಗಳಿದ್ದರೆ, ಇಲ್ಲವೇ ಅವರ ಮಕ್ಕಳು 20 ಮಂದಿ ಇದ್ದರೆ ಕೂಸಿನ ಮನೆ ಇರಲೇಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಆಳುಗಳ ಸಂಖ್ಯೆ ಕರಗಿದರೆ, ಕಾಯಂ ಕೆಲಸ ಗುತ್ತಿಗೆಗೆ ಹೋದರೆ, ಕೂಸನ್ನು ಯಾರ ಕೈಗೆ ಕೊಡುವುದು? ಕೆಲಸಕ್ಕೆ ಹೋಗುವ ಹೆಂಗಸು ಮಕ್ಕಳು ಬೇಡವೆನ್ನುತ್ತಾಳೆ ಎಂಬ ಮಾತೂ ಇಲ್ಲಿ ನಿಲ್ಲದು. ತೋಟದ ಹೆಂಗಸರು ತಲೆಮಾರಿನಿಂದ ಕೆಲಸವನ್ನೂ ಮಾಡಿದ್ದಾರೆ, ಮಕ್ಕಳನ್ನೂ ಹೆತ್ತಿದ್ದಾರೆ. ಕೊರತೆಯಾಗಿರುವುದು ಗಂಡಸಿನ ಕೈ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ಮಾಡುವ ಗಂಡಸರು 88.

ಕಾಪರ್-ಟಿ ಹಾಕಿಸಿಕೊಂಡರೆ ಮುಂದೆ ಮಕ್ಕಳೇ ಆಗುವುದಿಲ್ಲವಂತೆ.

ವಾಸ್ತವ: ಆಗುತ್ತವೆ. ತೆಗೆಸಿದ ಮೇಲೆ ಬೇಗನೆ ಬಸಿರು ನಿಲ್ಲಬಹುದು. ಗರ್ಭ ತಡೆಯುವ ಅಂತರಾ ಚುಚ್ಚುಮದ್ದು ಬಿಟ್ಟ ಮೇಲೆ ಮಾತ್ರ ಕೆಲವು ತಿಂಗಳು ತಡವಾಗುತ್ತದೆ.

ಸಾಕು ಎನಿಸಿದಾಗ ಆಪರೇಷನ್ ಹೆಂಗಸೇ ಮಾಡಿಸಿಕೊಳ್ಳಬೇಕು, ಗಂಡಸು ಮಾಡಿಸಿಕೊಂಡರೆ ಶಕ್ತಿ ಕುಂದುತ್ತದೆ, ಮರ ಹತ್ತಲು, ಮೂಟೆ ಹೊರಲು ಆಗುವುದಿಲ್ಲ ಎಂಬುದು ಕೊನೆಯದು.

ವಾಸ್ತವ: 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಮದುವೆಯಾದ ಹೆಂಗಸರ ಪೈಕಿ ಶೇ. 37.9 ಮಂದಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡದ್ದು ಶೇ. 0.3. ಕೇರಳದ ಎರ್ನಾಕುಲಂನಲ್ಲೇ 1970ರ ಕೊನೆಯಲ್ಲಿ ನಡೆದ ಆಪರೇಷನ್ ಶಿಬಿರಕ್ಕೆ 15,000 ಗಂಡಸರು ಬಂದಿದ್ದರು, 1971ರ ಜುಲೈಯಲ್ಲಿ 63,000. ಪ್ರೋತ್ಸಾಹಧನದ ಸೆಳೆತ ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಗಂಡಸಿನ ಆಪರೇಷನ್‌ನಲ್ಲಿ ವೃಷಣದಿಂದ ವೀರ್ಯಾಣು ಬರುವ ನಾಳವನ್ನಷ್ಟೇ ತುಂಡರಿಸುತ್ತಾರೆ. ಹಾರ್ಮೋನು ರಕ್ತದಲ್ಲಿ ಎಂದಿನಂತೆ ಸೇರುತ್ತಿರುತ್ತದೆ. ಹೊಟ್ಟೆ ಕೊಯ್ಯುವುದಿಲ್ಲ, ಈಗಿನ ವಿಧಾನದಲ್ಲಿ ಸಾಮಾನ್ಯವಾಗಿ ಹೊಲಿಗೆಯೂ ಬೇಕಾಗುವುದಿಲ್ಲ. ಕೆಲವು ದಿನ ಭಾರ ಎತ್ತಬಾರದು. ಮೊದಲ ಮೂರು ತಿಂಗಳು ಬೇರೆ ಮುನ್ನೆಚ್ಚರಿಕೆ ಬೇಕು, ಆಮೇಲೆ ವೀರ್ಯಪರೀಕ್ಷೆ ಮಾಡಿಸಬೇಕು. ಅದನ್ನು ಮಾಡಿಸದೆ, ಹೆಂಡತಿ ಬಸಿರಾದಳೆಂದು ಅವಳ ಮೇಲೆ ಅನುಮಾನ ಪಡುವವರೂ ಇದ್ದಾರೆ.