ಐದು ಹೆಜ್ಜೆ, ಐದೂವರೆ ಇಂಚು

ಗುಂಡ್ಲುಪೇಟೆಯ ನಮ್ಮ ತವರುಮನೆಯ ಮುಂದೆ ನಾಲ್ಕು ಇಟ್ಟಿಗೆ ಮೆಟ್ಟಿಲು. ಐದನೆಯ ಹೆಜ್ಜೆ ಇಟ್ಟರೆ ಜಗಲಿ. ಕಳೆದ ಹಿಂಗಾರು ಮಳೆಯಲ್ಲಿ ಅಮ್ಮ ಅಲ್ಲಿ ಮುಗ್ಗರಿಸಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಮೊಣಕೈ ತರಚಿತು ಅಷ್ಟೆ. ಆದರೆ ಅಂದಿನಿಂದ ಬೀದಿಗಿಳಿಯುವುದನ್ನೇ ಬಿಟ್ಟರು. ಸೊಪ್ಪಿನವಳು ಬಂದರೆ ಜಗಲಿಯಿಂದಲೇ ಕೂಗಿ ವ್ಯಾಪಾರ. ಎದುರುಮನೆಯ ಸಂಜೆಯ ಹರಟೆಯೂ ನಿಂತಿತು. ನಾನು ಚಾಮರಾಜನಗರದಿಂದ ಫೋನ್ ಮಾಡಿದಾಗಲೆಲ್ಲ, "ಚೆನ್ನಾಗಿದ್ದೀನಿ ಕಣೆ, ಕಾಲೇ ಮಾತು ಕೇಳಲ್ಲ" ಎನ್ನುತ್ತಿದ್ದರು.

ಬೇಸಿಗೆ ರಜೆಗೆ ಹೋದಾಗ ಆರನೇ ತರಗತಿಯ ನನ್ನ ಮಗ ಸುಮ್ಮನೆ ಆಟಕ್ಕೆಂದು ಟೇಪು ಹಿಡಿದು ಮೆಟ್ಟಿಲು ಅಳೆದ. ಕೆಳಗಿನಿಂದ ಒಂದೊಂದರ ಎತ್ತರ 3, 6, 7, 5, 6½ ಇಂಚು! ಟಾರು ಹಾಕಿದಾಗಲೆಲ್ಲ ಬೀದಿ ಮೇಲೇರಿ ಮೊದಲ ಮೆಟ್ಟಿಲು ಅರ್ಧ ಹೂತುಹೋಗಿತ್ತು. ಉಳಿದವು ಸವೆದಿದ್ದವು, ಕುಸಿದಿದ್ದವು.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ನಾವು ಕಣ್ಣಿಟ್ಟು ನೋಡಿಕೊಂಡೇ ಕಾಲಿಡುತ್ತೇವೆ. ದೊಡ್ಡದೇವರಾಜ ಒಡೆಯರ ಕಾಲದ ಕಲ್ಲುಗಳು, ಒಂದರಂತೆ ಇನ್ನೊಂದಿಲ್ಲ ಎಂಬುದು ಗೊತ್ತಿರುತ್ತದೆ. ಮನೆಯ ಮೆಟ್ಟಿಲನ್ನು ಯಾರೂ ನೋಡುವುದಿಲ್ಲ. ಮೊದಲೆರಡು ಹೆಜ್ಜೆಯಲ್ಲೇ ಕಾಲು ಎತ್ತರವನ್ನು ಕಲಿತುಬಿಡುತ್ತದೆ. ಮುಂದಿನದೂ ಅಷ್ಟೇ ಎಂದು ನಂಬುತ್ತದೆ. ಅಮ್ಮನ ಕಾಲು ನಂಬಿ ಮೋಸ ಹೋಗಿತ್ತು.

ಇದರಲ್ಲಿ ನನ್ನ ಪಾಲೂ ಇದೆ. ಎರಡು ವರ್ಷದ ಹಿಂದೆ ಖರ್ಚು ಉಳಿಸಲು, ಒಡೆದ ಇಟ್ಟಿಗೆಗಳ ಮೇಲೇ ಸಿಮೆಂಟು ಬಳಿಸಿದ್ದೆ. ನೋಡಲು ಹೊಸದಾಗಿ ಕಂಡಿತು. ಬಿರುಕಿನಲ್ಲಿ ಇಳಿದ ಮಳೆನೀರು ಹೊರಬರಲು ದಾರಿಯಿಲ್ಲದೆ ಒಳಗೇ ಉಳಿದು, ಇಟ್ಟಿಗೆ ಪುಡಿಪುಡಿಯಾಗಿ, ಸಿಮೆಂಟು ಹಪ್ಪಳದಂತೆ ಎದ್ದು ಬಂತು.

ಈ ಸಲ ಕರಿಕಲ್ಲು ಹಾಕಿಸೋಣ ಎಂದೆ. ನಮ್ಮ ಜಿಲ್ಲೆಯ ಕರಿಕಲ್ಲು ಸಮುದ್ರ ದಾಟಿ ಹೋಗುತ್ತದೆ, ನಮ್ಮ ಮನೆಗೇಕೆ ಬೇಡ? ಹಿರಿಯ ಗಾರೆ ಮೇಸ್ತ್ರಿ ನಕ್ಕರು. "ಪಾಲಿಶ್ ಕಲ್ಲಾ? ಮಳೇಲಿ ಮೊದ್ಲು ನೀವೇ ಅದ್ರ ಮ್ಯಾಲೆ ಓಡಾಡಿ ನೋಡಕ್ಕಾ, ಆಮೇಲೆ ಅವ್ವುನ್ನ ನಡಸೀರಂತೆ." ಸರಿ, ಇಟ್ಟಿಗೆಯೇ ಎಂದಾಯಿತು.

ಇಟ್ಟಿಗೆ ಆರಿಸುವುದು ಮಗನಿಗೆ ಬಲು ಇಷ್ಟವಾದ ಕೆಲಸ. ಎರಡು ಇಟ್ಟಿಗೆ ತಟ್ಟಿದರೆ ಠಣ್ ಎನ್ನಬೇಕು. ಮಂಕಾಗಿ ಡಬ್ ಎಂದರೆ ಸರಿಯಾಗಿ ಬೆಂದಿಲ್ಲ. ಉಗುರಿನಿಂದ ಗೀರಿದರೆ ಗೆರೆ ಮೂಡಬಾರದು. ಒಂದನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿದೆವು. ಕುಡಿದ ನೀರು ಒಣ ತೂಕದ ಶೇ. 20ನ್ನು ಮೀರಬಾರದು. ಅಂದರೆ ಮೂರು ಕಿಲೋ ಇಟ್ಟಿಗೆ ಮೂರು ಕಿಲೋ ಆರುನೂರು ಗ್ರಾಂ ದಾಟಬಾರದು. ಅಂಗಡಿಯ ತಕ್ಕಡಿಯಲ್ಲಿ ಒದ್ದೆ ಇಟ್ಟಿಗೆ ಇಟ್ಟಿದ್ದಕ್ಕೆ ದಿನಸಿಯವರು ನಮ್ಮನ್ನು ನೋಡಿದ ನೋಟ ಬೇರೆ!

ಮುಂದಿನದು ಲೆಕ್ಕ. ಬೀದಿಯಿಂದ ಜಗಲಿಗೆ ಒಟ್ಟು ಎತ್ತರ 27½ ಇಂಚು. ಐದರಿಂದ ಭಾಗಿಸಿದರೆ ಒಂದೊಂದಕ್ಕೆ 5½. ನಮಗೆ ಸಿಕ್ಕ ಇಟ್ಟಿಗೆಯ ದಪ್ಪ 2¼ ಇಂಚು, ಗಾರೆ ಅರ್ಧ ಇಂಚು. ಎರಡು ವರಸೆಗೆ ಸರಿಯಾಗಿ 5½! ಕಾಲಿಡುವ ಜಾಗಕ್ಕೆ ಒಂದೂವರೆ ಇಟ್ಟಿಗೆ, ನಡುವಿನ ಗಾರೆ ಸೇರಿ 13½ ಇಂಚು. ಎತ್ತರದ ಎರಡು ಪಟ್ಟಿಗೆ ಅಗಲವನ್ನು ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯಷ್ಟು, ಸುಮಾರು 24 ಇಂಚು, ಬರಬೇಕೆಂದು 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಹೇಳಿದ್ದ. ನಮ್ಮದು 24½. ಮೇಸ್ತ್ರಿ ಅದನ್ನೆಲ್ಲ ಕೇಳಲಿಲ್ಲ. ನೆಲದ ಮೇಲೆ ಇಟ್ಟಿಗೆ ಜೋಡಿಸಿ, ತಮ್ಮ ಪಾದ ಇಟ್ಟು ನೋಡಿ, "ಸಾಕು" ಎಂದರು.

ಹಳೆಯದನ್ನು ಪೂರ್ತಿ ಕಿತ್ತು, ಒಂದಡಿ ಅಗೆದು, ಜಲ್ಲಿ ದಮ್ಮಸು ಮಾಡಿ ಕಾಂಕ್ರೀಟು ಹಾಕಿದರು. ಇಟ್ಟಿಗೆಗಳನ್ನು ಗುಳ್ಳೆ ಬರುವುದು ನಿಲ್ಲುವವರೆಗೆ ನೀರಿನಲ್ಲಿ ನೆನೆಸಿದೆವು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಹಿಡಿತ ಸಿಗುವುದಿಲ್ಲ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ಸಂದಿನ ಮೇಲೆ ಸಂದು ಬಾರದಂತೆ ವರಸೆ. ಪ್ರತಿ ಮೆಟ್ಟಿಲೂ ಮುಂದಕ್ಕೆ ಕಾಲು ಇಂಚು ಇಳಿಜಾರು, ನೀರು ನಿಲ್ಲಬಾರದಲ್ಲ.

ಎರಡನೆಯ ಮೆಟ್ಟಿಲು ಮುಗಿದಾಗ ಮಗ ಟೇಪು ಇಟ್ಟು, "ತಾತಾ, ಇದು ಆರು ಇಂಚು" ಎಂದ. ನನಗೆ ಎದೆ ಝಲ್ಲೆಂದಿತು. ಅಷ್ಟು ಹಿರಿಯರಿಗೆ ತಪ್ಪು ತೋರಿಸುವುದೇ? ಮೇಸ್ತ್ರಿ ಬೀಡಿ ಆರಿಸಿ, ಬಗ್ಗಿ ನೋಡಿದರು. ಆ ವರಸೆಯ ಇಟ್ಟಿಗೆಗಳು ಕೊಂಚ ದಪ್ಪ. "ಅರ್ಧ ಇಂಚ್ ತಾನೇ, ಇರ್ಲಿ ಬಿಡಿ" ಎಂದು ನಾನೇ ಅಂದೆ. ಅವರು ಜಗಲಿಯಲ್ಲಿ ಕುಳಿತಿದ್ದ ಅಮ್ಮನ ಕಡೆ ಒಮ್ಮೆ ನೋಡಿ, ಕರಣೆ ತೂರಿಸಿ ಇಡೀ ವರಸೆ ಎಬ್ಬಿಸಿಬಿಟ್ಟರು. ಗಾರೆ ಇನ್ನೂ ಹಸಿಯಾಗಿತ್ತು. ಅಲ್ಲಿಂದ ಮುಂದೆ ಮಗನನ್ನು ಕರೆದದ್ದು "ಚಿಕ್ಕ ಮೇಸ್ತ್ರಿ" ಎಂದೇ.

ಏಳು ದಿನ ಗೋಣಿಚೀಲ ಹೊದಿಸಿ, ದಿನಕ್ಕೆ ಮೂರು ಸಲ ನೀರು. ಚಿಕ್ಕ ಮೇಸ್ತ್ರಿಯದೇ ಪಾಳಿ. ನಾವೆಲ್ಲ ಹಿತ್ತಲ ಬಾಗಿಲಿನಿಂದ ಓಡಾಡಿದೆವು. ಅಮ್ಮ ಮಾತ್ರ ಜಗಲಿ ಬಿಟ್ಟು ಕದಲದೆ, ಬೀದಿನಾಯಿ ಹತ್ತದಂತೆ ಕೋಲು ಹಿಡಿದು ಕಾವಲು ಕುಳಿತರು.

ಎಂಟನೆಯ ದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ಸೊಪ್ಪಿನವಳ ಕೂಗು ಕೇಳಿತು. ಅಮ್ಮನ ದನಿ ಜಗಲಿಯಿಂದ ಬರಲಿಲ್ಲ, ಇನ್ನೂ ದೂರದಿಂದ ಬಂತು. ಓಡಿಬಂದು ನೋಡಿದರೆ ಅವರು ಬೀದಿಯಲ್ಲಿ, ಬುಟ್ಟಿಯ ಮುಂದೆ ಬಗ್ಗಿ ದಂಟಿನ ಕಟ್ಟು ಬಿಚ್ಚಿ ನೋಡುತ್ತಿದ್ದಾರೆ.

"ಇಷ್ಟು ದಿನ ಮೇಲಿಂದ ಕಾಣಿಸ್ತಿರಲಿಲ್ಲ ಅಂತ ಬಲಿತಿದ್ದನ್ನೇ ಕೊಡ್ತಿದ್ದೀಯಲ್ಲೇ!"